‘ಅನ್‌ವೀಲ್ಡಿ’ ಎಂಬ ಇಂಗ್ಲಿಷ್ ಪದವನ್ನು ಎಲ್ಲಿ, ಹೇಗೆ ಬಳಸಬೇಕು

ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವ ಉದ್ದ ಕೋಲಾದ ಕಾರ್ಬನ್ ಫೈಬರ್ ದೋಟಿಯನ್ನು ಒಮ್ಮೆಯಾದರೂ ಹಿಡಿದು ನೋಡಿದವರಿಗೆ ‘ಅನ್‌ವೀಲ್ಡಿ’ ಎಂಬ ವಿಶೇಷಣದ ಅರ್ಥವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಗಳನ್ನು ಒಂದರೊಳಗೊಂದು ಸೇರಿಸಿಟ್ಟಾಗ ಅದನ್ನು ಹೆಗಲ ಮೇಲಿಟ್ಟುಕೊಂಡು ತೋಟದ ತುಂಬ ಓಡಾಡಬಹುದು. ಅದೇ ಕೊಳವೆಗಳನ್ನು ಒಂದೊಂದಾಗಿ ಮೇಲಕ್ಕೆಳೆದು 60 ಅಡಿ ಎತ್ತರದ ಗೊನೆಗೆ ಕತ್ತಿ ತಾಗಿಸಲು ಹೊರಟಾಗ ತೂಕವೇನೂ ಗುಲಗಂಜಿಯಷ್ಟೂ ಹೆಚ್ಚಿರುವುದಿಲ್ಲ. ಆದರೆ ಬುಡದಲ್ಲಿ ಕೈ ಒಂದು ಬೆರಳಗಲ ಜರುಗಿದರೆ ತುದಿ ಒಂದು ಮಾರು ಓಲಾಡುತ್ತದೆ, ಗಾಳಿ ಬೀಸಿತೆಂದರೆ ದೋಟಿಯೇ ಹಿಡಿದವನನ್ನು ಎಳೆದಾಡುತ್ತದೆ. ವಸ್ತು ಹಗುರವಾಗಿಯೇ ಇದ್ದು, ಉದ್ದದ ದೆಸೆಯಿಂದ ಕೈಯ ಮಾತು ಕೇಳದಂತಾಗುವ ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಹೊಂದುವ ಪದವೇ ‘ಅನ್‌ವೀಲ್ಡಿ’.

ನಿಘಂಟು ತೆರೆದರೆ ‘ನಿಭಾಯಿಸಲು ಕಷ್ಟವಾದ’ ಎಂಬ ಅರ್ಥ ಸಿಗುತ್ತದೆ. ಅರ್ಥವೇನೂ ತಪ್ಪಲ್ಲ, ಆದರೆ ಎಡವಟ್ಟಾಗುವುದು ಅಲ್ಲಿಂದಲೇ. ಕನ್ನಡದಲ್ಲಿ ನಾವು ಗಲಾಟೆಯ ಮಕ್ಕಳನ್ನೂ ನಿಭಾಯಿಸುತ್ತೇವೆ, ಸಾಲವನ್ನೂ ನಿಭಾಯಿಸುತ್ತೇವೆ, ಮದುವೆ ಮನೆಯನ್ನೂ ನಿಭಾಯಿಸುತ್ತೇವೆ. ಹಾಗೆಂದು ಇವೆಲ್ಲವಕ್ಕೂ ‘ಅನ್‌ವೀಲ್ಡಿ’ ಎಂದು ಹಚ್ಚಲು ಬರುವುದಿಲ್ಲ. ನಾನೇ ಹಿಂದೊಮ್ಮೆ ಇಂಗ್ಲಿಷ್ ವರದಿಯೊಂದರಲ್ಲಿ ಮಾತು ಕೇಳದ ಹುಡುಗರನ್ನು ‘ಅನ್‌ವೀಲ್ಡಿ ಸ್ಟೂಡೆಂಟ್ಸ್’ ಎಂದು ಬರೆದಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಆ ಪದದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, “ಹುಡುಗರು ಎಷ್ಟಡಿ ಉದ್ದ ಇದ್ದರು?” ಎಂದು ಕೇಳಿದರು. ಅಲ್ಲಿ ಬರಬೇಕಾಗಿದ್ದ ಪದ ‘ಅನ್‌ರೂಲಿ’. ಆದರೆ ಒಂದೇ ಕೋಣೆಯಲ್ಲಿ ತೊಂಬತ್ತು ಹುಡುಗರನ್ನು ಕೂರಿಸಿದ್ದರೆ, ಅವರು ಎಷ್ಟೇ ಸಾಧುಗಳಾಗಿದ್ದರೂ, ಆ ತರಗತಿಯನ್ನು ‘ಅನ್‌ವೀಲ್ಡಿ ಕ್ಲಾಸ್’ ಎನ್ನಲು ಅಡ್ಡಿಯಿಲ್ಲ. ತೊಂದರೆಯ ಮೂಲ ಗಾತ್ರದಲ್ಲೋ, ಆಕಾರದಲ್ಲೋ, ಸಂಖ್ಯೆಯಲ್ಲೋ, ಬಿಡಿಭಾಗಗಳ ಜಟಿಲತೆಯಲ್ಲೋ ಇದ್ದಾಗ ಮಾತ್ರ ಈ ಪದವನ್ನು ತರಬೇಕು. ಸ್ವಭಾವದಲ್ಲಿದ್ದರೆ ಬೇರೆ ಪದ ಹುಡುಕಬೇಕು.

ಇದಕ್ಕೆ ಕಾರಣ ಪದದ ಹೊಟ್ಟೆಯಲ್ಲೇ ಇದೆ. ನಡುವಿನ ‘ವೀಲ್ಡ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ಆಳು’, ‘ಹತೋಟಿಯಲ್ಲಿಡು’ ಎಂಬ ಅರ್ಥವಿದ್ದ ಧಾತುವಿನಿಂದ ಬಂದ ಕ್ರಿಯಾಪದ. ಇಂದಿನ ಇಂಗ್ಲಿಷಿನಲ್ಲಿ ಕತ್ತಿಯನ್ನೂ ವೀಲ್ಡ್ ಮಾಡುತ್ತಾರೆ, ಅಧಿಕಾರವನ್ನೂ ವೀಲ್ಡ್ ಮಾಡುತ್ತಾರೆ. ನಮ್ಮ ‘ಚಲಾಯಿಸು’ ಎಂಬ ಪದ ಇದಕ್ಕೆ ಬಹಳ ಹತ್ತಿರದ್ದು: ಗಾಡಿಯನ್ನೂ ಚಲಾಯಿಸುತ್ತೇವೆ, ಅಧಿಕಾರವನ್ನೂ ಚಲಾಯಿಸುತ್ತೇವೆ. ಆದ್ದರಿಂದ ‘ಅನ್‌ವೀಲ್ಡಿ’ ಎಂದರೆ ಚಲಾಯಿಸಲು ಒಗ್ಗದ್ದು ಎಂದು ಇಟ್ಟುಕೊಂಡರೆ, ದೋಟಿಯಂಥ ಕೈಯ ವಸ್ತುವಿಗೂ ಸರ್ಕಾರದಂಥ ಕಣ್ಣಿಗೆ ಕಾಣದ ವ್ಯವಸ್ಥೆಗೂ ಒಂದೇ ಪದ ಹೇಗೆ ಸಲ್ಲುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ. ಒಂದು ಸ್ವಾರಸ್ಯವೆಂದರೆ, 14ನೇ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ನಿಶ್ಶಕ್ತ’ ಎಂಬ ಅರ್ಥವಿತ್ತು, ಅಂದರೆ ತನ್ನ ಕೈಕಾಲು ತನ್ನ ಹತೋಟಿಯಲ್ಲಿಲ್ಲದವನು ಎಂದು. ಆ ಅರ್ಥ ಈಗ ಬಳಕೆಯಲ್ಲಿಲ್ಲ. ಇಂದು ಮನುಷ್ಯರಿಗೆ ಈ ವಿಶೇಷಣವನ್ನು ಬಳಸಿದರೆ ಅವರ ಮೈಯ ಗಾತ್ರವನ್ನು ಆಡಿಕೊಂಡಂತಾಗುವುದರಿಂದ ಅದನ್ನು ಬಿಡುವುದೇ ಲೇಸು.

ಹತ್ತಿರದ ಪದಗಳಿಂದ ಇದನ್ನು ಬೇರ್ಪಡಿಸಿಕೊಳ್ಳುವುದು ಮುಂದಿನ ಹೆಜ್ಜೆ. 50 ಕಿಲೋ ಅಕ್ಕಿಯ ಮೂಟೆ ‘ಹೆವಿ’. ಆದರೆ ಹಮಾಲಿ ಕೆಲಸ ಬಲ್ಲವನ ಬೆನ್ನಿಗೆ ಅದು ಅಚ್ಚುಕಟ್ಟಾಗಿ ಕೂರುತ್ತದೆ, ಹೋದ ಕಡೆಗೆ ಬರುತ್ತದೆ. ಹತ್ತಿಯ ಮೂಟೆ ಜಾಗ ತಿನ್ನುತ್ತದೆ, ಅದು ‘ಬಲ್ಕಿ’. ಜೋಡಿ ಮಂಚದ ಹಾಸಿಗೆಯನ್ನು ಬಾಡಿಗೆ ಮನೆಯ ಇಕ್ಕಟ್ಟಾದ ಮೆಟ್ಟಿಲುಗಳ ಮೇಲೆ ಸಾಗಿಸುವಾಗ ಏನಾಗುತ್ತದೆ ನೋಡಿ: ಹಿಡಿಯಲು ಹಿಡಿಯಿಲ್ಲ, ಮುಂದಿನವನು ತಿರುವಿನಲ್ಲಿ ಬಲಕ್ಕೆ ಎಳೆದರೆ ಹಾಸಿಗೆ ನಡುವಿನಲ್ಲಿ ಕುಸಿದು ಹಿಂದಿನವನ ಮುಖಕ್ಕೆ ಮಡಚಿಕೊಳ್ಳುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಇದು ‘ಅನ್‌ವೀಲ್ಡಿ’. ಹಾಸಿಗೆಯನ್ನು ಗೋಡೆಗೆ ಬಡಿದು ಸುಣ್ಣ ಉದುರಿಸಿದವನು ‘ಕ್ಲಮ್ಸಿ’ ಎನಿಸಿಕೊಳ್ಳುತ್ತಾನೆ. ದೂರು ಸಾಗಿಸುವವನ ಮೇಲಿದ್ದರೆ ಕ್ಲಮ್ಸಿ, ಸಾಮಾನಿನ ಮೇಲಿದ್ದರೆ ಅನ್‌ವೀಲ್ಡಿ. ‘ಅನ್‌ಮ್ಯಾನೇಜಬಲ್’ ಎಂದರೆ ಕೈ ಚೆಲ್ಲಿ ಕುಳಿತಂತೆ. ಅನ್‌ವೀಲ್ಡಿ ಆದದ್ದನ್ನು ಏದುಸಿರು ಬಿಡುತ್ತಲಾದರೂ ಸಾಗಿಸಬಹುದು.

ಹೆಚ್ಚು ಗೊಂದಲವಾಗುವುದು ‘ಕಂಬರ್‌ಸಮ್’ ಎಂಬ ಪದದ ಜೊತೆ. ಇವೆರಡೂ ಹಲವೆಡೆ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ, ನಿಘಂಟುಗಳು ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಡುವುದೂ ಉಂಟು. ನನ್ನ ಮಟ್ಟಿಗೆ ಕೆಲಸಕ್ಕೆ ಬಂದಿರುವ ಸೂತ್ರ ಇಷ್ಟೇ: ಕಂಬರ್‌ಸಮ್ ಎಂಬುದು ಕಾಲಿಗೆ ತೊಡರುವಂಥದ್ದು, ಅನ್‌ವೀಲ್ಡಿ ಎಂಬುದು ಕೈಯ ಹಿಡಿತಕ್ಕೆ ಬಾರದಂಥದ್ದು. ಒಂದು ಪ್ರಮಾಣಪತ್ರಕ್ಕಾಗಿ ನಾಲ್ಕು ಮೇಜುಗಳಲ್ಲಿ ಸಹಿ ಹಾಕಿಸಬೇಕಾದ ಕಾರ್ಯವಿಧಾನ ಕಂಬರ್‌ಸಮ್. ನಾಲ್ಕು ನೂರು ಪುಟ ಬೆಳೆದು ಯಾವ ಕಾಗದ ಎಲ್ಲಿದೆಯೆಂದು ಗುಮಾಸ್ತರಿಗೇ ತಿಳಿಯದಂತಾದ ಕಡತ ಅನ್‌ವೀಲ್ಡಿ.

ಸಂಸ್ಥೆ, ಸಮಿತಿ, ಆಡಳಿತಗಳ ವಿಷಯದಲ್ಲಿ ಈ ಪದಕ್ಕೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಒಳ್ಳೆಯ ಬೇಡಿಕೆಯಿದೆ. ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಒಂದೇ ಪಾಲಿಕೆ ಆಡಳಿತ ನಡೆಸಲಾಗದಷ್ಟು ದೊಡ್ಡದಾಗಿತ್ತು ಎಂಬ ವಾದವನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ‘ದ ಸಿಂಗಲ್ ಕಾರ್ಪೊರೇಷನ್ ಹ್ಯಾಡ್ ಬಿಕಮ್ ಅನ್‌ವೀಲ್ಡಿ’ ಎಂದರೆ ಸಾಕು. ಹಾಗೆಯೇ ಕನ್ನಡ ಪತ್ರಿಕೆಗಳು ‘ಜಂಬೋ ಸಂಪುಟ’ ಎನ್ನುವುದನ್ನು ‘ಆ್ಯನ್ ಅನ್‌ವೀಲ್ಡಿ ಕ್ಯಾಬಿನೆಟ್’ ಎನ್ನಬಹುದು. ಆದರೆ 2003ರ 91ನೇ ಸಂವಿಧಾನ ತಿದ್ದುಪಡಿಯು ಮಂತ್ರಿಗಳ ಸಂಖ್ಯೆಯನ್ನು ಸದನದ ಬಲದ ಶೇ 15ಕ್ಕೆ ಮಿತಿಗೊಳಿಸಿ, 224 ಸದಸ್ಯರ ನಮ್ಮ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ 34ಕ್ಕೆ ನಿಲ್ಲಿಸಿದ ಮೇಲೆ ಆ ವಿಶೇಷಣಕ್ಕೆ ಕೆಲಸ ಸ್ವಲ್ಪ ಕಡಿಮೆಯಾಗಿದೆ.

ವಾಕ್ಯದಲ್ಲಿ ಇದು ನಾಮಪದಕ್ಕೆ ಮೊದಲೂ ನಿಲ್ಲುತ್ತದೆ, ಕ್ರಿಯಾಪದದ ನಂತರವೂ ನಿಲ್ಲುತ್ತದೆ. ‘ಬಿಕಮ್’, ‘ಗ್ರೋ’, ‘ಪ್ರೂವ್’ ಎಂಬ ಕ್ರಿಯಾಪದಗಳ ಜೊತೆ ವಿಶೇಷವಾಗಿ ಹೊಂದಿಕೊಳ್ಳುತ್ತದೆ, ಏಕೆಂದರೆ ವಸ್ತುಗಳು ಹೆಚ್ಚಾಗಿ ಬೆಳೆಬೆಳೆದು ಈ ಸ್ಥಿತಿಗೆ ಬರುತ್ತವೆ. ಸ್ವರದಿಂದ ಆರಂಭವಾಗುವುದರಿಂದ ಇದಕ್ಕೆ ಮೊದಲು ‘ಎ’ ಬದಲು ‘ಆ್ಯನ್’ ಬರಬೇಕು. ‘ಟೂ ಅನ್‌ವೀಲ್ಡಿ ಟು ಕ್ಯಾರಿ’ ಎಂಬಂಥ ರಚನೆ ಬಹಳ ಉಪಯುಕ್ತ. ಹೋಲಿಕೆಗೆ ‘ಅನ್‌ವೀಲ್ಡಿಯರ್’ ಎಂಬ ರೂಪ ಸರಿಯಾಗಿಯೇ ಇದ್ದರೂ ‘ಮೋರ್ ಅನ್‌ವೀಲ್ಡಿ’ ಎಂಬುದು ಕಿವಿಗೆ ಹಿತ. ‘ಅನ್’ ತೆಗೆದುಹಾಕಿದ ‘ವೀಲ್ಡಿ’ ನಿಘಂಟಿನಲ್ಲಿದೆಯಾದರೂ ಜನರ ಬಾಯಲ್ಲಿಲ್ಲ. ವಿರುದ್ಧಾರ್ಥಕ್ಕೆ ‘ಹ್ಯಾಂಡಿ’ ಅಥವಾ ‘ಮ್ಯಾನೇಜಬಲ್’ ಬಳಸಬೇಕು.

ಕಾಗುಣಿತದಲ್ಲಿ ಎರಡು ಗುಂಡಿಗಳಿವೆ. ‘ಡಬ್ಲ್ಯೂ’ ಆದ ಮೇಲೆ ‘ಐ’ ಮೊದಲು, ‘ಇ’ ನಂತರ. ಫೀಲ್ಡ್, ಶೀಲ್ಡ್, ಯೀಲ್ಡ್ ಪದಗಳಲ್ಲೂ ಇದೇ ಕ್ರಮ. ಎರಡನೆಯದು ಇಂಗ್ಲಿಷರೂ ಬೀಳುವ ಗುಂಡಿ: ‘ಡಿ’ ಮತ್ತು ‘ವೈ’ ಅಕ್ಷರಗಳ ನಡುವೆ ಇನ್ನೊಂದು ‘ಎಲ್’ ತೂರಿಸಿ ‘ಅನ್‌ವೀಲ್ಡ್ಲಿ’ ಎಂದು ಬರೆಯುವುದು. ‘ಫ್ರೆಂಡ್ಲಿ’ಯಂಥ ಪದಗಳ ಅಭ್ಯಾಸಬಲದಿಂದ ಆಗುವ ತಪ್ಪು ಅದು. ಉಚ್ಚಾರದಲ್ಲಿ ಒತ್ತು ‘ವೀಲ್’ ಮೇಲೆ ಬೀಳಬೇಕು, ಮತ್ತು ಆ ವಕಾರಕ್ಕೆ ಹಲ್ಲು ತುಟಿಗೆ ತಾಗದೆ ತುಟಿಗಳು ದುಂಡಾಗಬೇಕು.

ಇದು ಬರಹದ ಪದ. ಮೆಟ್ಟಿಲ ಮೇಲೆ ಹಾಸಿಗೆಯ ಕೆಳಗೆ ಸಿಕ್ಕಿಕೊಂಡವರು ‘ಇಟ್ಸ್ ಹಾರ್ಡ್ ಟು ಹ್ಯಾಂಡಲ್’ ಎನ್ನುತ್ತಾರೆಯೇ ಹೊರತು ಅನ್‌ವೀಲ್ಡಿ ಎಂದು ಕೂಗುವುದು ಅಪರೂಪ. ಇನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಇದಕ್ಕೆ ಒಂದೇ ಪದ ಹುಡುಕುತ್ತ ಕೂರುವುದು ಬೇಡ. ದೋಟಿಗಾದರೆ ‘ಕೈಗೆ ಒಗ್ಗದ’ ಎನ್ನಬಹುದು, ಪಾಲಿಕೆಗಾದರೆ ‘ಹಿಡಿತಕ್ಕೆ ಸಿಗದಷ್ಟು ಬೆಳೆದ’ ಎನ್ನಬಹುದು, ಅರ್ಧ ಪುಟ ಹರಿದು ಕರ್ತೃವೇ ಕಳೆದುಹೋದ ಕಚೇರಿ ಸುತ್ತೋಲೆಯ ವಾಕ್ಯಕ್ಕಾದರೆ ‘ಬಾಲ ಬೆಳೆದ’ ಎಂದರೂ ನಡೆದೀತು.