ಹಾಳೆಯಲ್ಲಿ ಬರೀ ‘+80’ ಇದ್ದಾಗ: ಪ್ರೋಟೀನ್ ಡೇಟಾ ಹಂಚಿಕೊಂಡ ನನ್ನ ಅನುಭವ

ಅಣುಗಳ ತೂಕ ಅಳೆದು ಪ್ರೋಟೀನುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಲ್ಯಾಬಿನಲ್ಲಿ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ಪೇಪರ್ ಕಳಿಸುವ ಮುಂಚೆ ಕಚ್ಚಾ ಫೈಲುಗಳನ್ನು ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಪ್ರೈಡ್ ಎಂಬ ಸಾರ್ವಜನಿಕ ಪ್ರೋಟೀನ್ ಡೇಟಾ ಭಂಡಾರಕ್ಕೆ ಸೇರಿಸುತ್ತೇವೆ. ಫೈಲು ಏರಿಸುವುದು ಸುಲಭ. ಅದು ಯಾವ ಸ್ಯಾಂಪಲ್ಲಿನದು, ಅದಕ್ಕೆ ಏನೇನು ಮಾಡಿದೆವು ಎಂದು ಗುರುತಿಲ್ಲದವರಿಗೂ ತಿಳಿಯುವ ಹಾಗೆ ದಾಖಲಿಸುವುದರಲ್ಲೇ ದಿನ ಕಳೆಯುತ್ತದೆ.

ಇದಕ್ಕೆ ಎಸ್‌ಡಿಆರ್‌ಎಫ್ ಎಂಬ ಪಟ್ಟಿ ಬಳಸುತ್ತೇನೆ; ಯಾವ ಸ್ಯಾಂಪಲ್ಲಿಗೆ ಯಾವ ಫೈಲು ಎಂದು ಜೋಡಿಸಿ ತೋರಿಸುವ ಹಾಳೆ ಅದು. ಲ್ಯಾಬಿನಲ್ಲಿ ಒಬ್ಬರು ‘ಲಿವರ್’ ಅಂತ, ಇನ್ನೊಬ್ಬರು ‘ಹೆಪಾಟಿಕ್ ಟಿಶ್ಯೂ’ ಅಂತ, ಮತ್ತೊಬ್ಬರು ಬರೀ ‘ಎಲ್’ ಅಂತ ಬರೆದಿರುತ್ತಾರೆ. ಪಟ್ಟಿಯಲ್ಲಿ ಮೂರೂ ಯೂಬೆರಾನ್:0002107 ಆಗುತ್ತವೆ; ಯೂಬೆರಾನ್ ಎಂದರೆ ಅಂಗಾಂಗಗಳಿಗೆ ಸಂಖ್ಯೆ ಕೊಟ್ಟಿರುವ ಪದಕೋಶ. ಜೀವಿಗಳಿಗೂ ಇಂಥದೇ ಸಂಖ್ಯೆಗಳಿವೆ, ಮನುಷ್ಯನಿಗೆ 9606. ಇವನ್ನೆಲ್ಲ ಆಂಟಾಲಜಿ ಲುಕಪ್ ಸರ್ವಿಸ್ ಎಂಬ ಜಾಲತಾಣದಲ್ಲಿ ಹುಡುಕಿದರೆ ಸಿಕ್ಕಿಬಿಡುತ್ತದೆ.

ತಲೆ ಕೆಡಿಸಿದ್ದು ಮಾರ್ಪಾಡುಗಳ ಕಾಲಂ, ಅಂದರೆ ಪ್ರೋಟೀನಿಗೆ ಅಂಟಿಕೊಂಡ ರಾಸಾಯನಿಕ ಗುಂಪುಗಳನ್ನು ಬರೆಯುವ ಜಾಗ. ಹಳೆಯ ಹಾಳೆಯೊಂದರಲ್ಲಿ ‘+80’ ಎಂದಷ್ಟೇ ಇತ್ತು. ಪೆಪ್ಟೈಡಿಗೆ, ಅಂದರೆ ಪ್ರೋಟೀನಿನ ತುಣುಕಿಗೆ, ಫಾಸ್ಫೇಟ್ ಅಂಟಿದರೆ ತೂಕ 79.9663 ಡಾಲ್ಟನ್ (ಅಣುತೂಕದ ಅಳತೆ) ಹೆಚ್ಚುತ್ತದೆ. ಸಲ್ಫೇಟ್ ಅಂಟಿದರೆ 79.9568. ಮಾರ್ಪಾಡುಗಳಿಗೆ ಸಂಖ್ಯೆ ಕೊಡುವ ಯುನಿಮಾಡ್ ಪಟ್ಟಿಯಲ್ಲಿ ಮೊದಲನೆಯದು ಯುನಿಮಾಡ್:21, ಎರಡನೆಯದು ಯುನಿಮಾಡ್:40. ನಡುವಿನ ಅಂತರ 0.0095. ಅಯಾನ್ ಟ್ರ್ಯಾಪ್ ಎಂಬ ಹಳೆಯ ಬಗೆಯ ಯಂತ್ರಕ್ಕೆ ಇದು ಕಾಣುವುದಿಲ್ಲ. ನಮ್ಮ ಪುಣ್ಯಕ್ಕೆ ಫೈಲುಗಳು ಆರ್ಬಿಟ್ರ್ಯಾಪ್ ಎಂಬ ಹೆಚ್ಚು ನಿಖರ ಯಂತ್ರದವು. ಪೆಪ್ಟೈಡುಗಳ ಅಳೆದ ತೂಕಕ್ಕೂ ಲೆಕ್ಕದ ತೂಕಕ್ಕೂ ಇರುವ ವ್ಯತ್ಯಾಸ ನೋಡಿದೆ, ಆಮೇಲೆ ಒಡೆದ ತುಣುಕುಗಳ ಸ್ಪೆಕ್ಟ್ರಮ್ ತೆರೆದೆ. ಸೆರೀನ್ ಎಂಬ ಅಮೈನೋ ಆಮ್ಲ ಇರುವ ಕಡೆ 98 ಡಾಲ್ಟನ್ ಕಳಚಿದ ಗುರುತು ಸ್ಪಷ್ಟವಾಗಿತ್ತು. ಅದು ಫಾಸ್ಫೋರಿಕ್ ಆಮ್ಲ ಬಿಟ್ಟುಹೋಗುವ ತೂಕ. ಅಲ್ಲಿಗೆ ಧೈರ್ಯವಾಗಿ 21 ಹಾಕಿದೆ. ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಮೇಲಿನ ಕೆಲವಕ್ಕೆ ಅಂಥ ಆಧಾರ ಸಿಗಲಿಲ್ಲ. ಅವುಗಳ ಪಕ್ಕ ಯಾವ ಸಂಖ್ಯೆಯನ್ನೂ ಬರೆಯದೆ, ಸಂದೇಹವಿದೆ ಎಂದು ವಿವರಣೆಯಲ್ಲಿ ತಿಳಿಸಿದೆ. ತಿಳಿಯದ್ದಕ್ಕೆ ಸಂಖ್ಯೆ ಹಾಕಿದರೆ, ಮುಂದೆ ಅದನ್ನು ಓದುವ ಪ್ರೋಗ್ರಾಮ್ ಖಚಿತ ಸಂಗತಿಯೆಂದೇ ಎಣಿಸುತ್ತದೆ.

ಇಷ್ಟು ಕಷ್ಟ ಏಕೆ ಎಂದು ಹೊಸ ವಿದ್ಯಾರ್ಥಿಗಳು ಕೇಳಿದರೆ ಭಂಡಾರದಲ್ಲಿ ಪಿಎಕ್ಸ್‌ಡಿ000561 ಎಂಬ ಸಂಖ್ಯೆಯ ಡೇಟಾ ತೆರೆದು ತೋರಿಸುತ್ತೇನೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್‌ನವರು 2014ರಲ್ಲಿ ಪ್ರಕಟಿಸಿದ ಮಾನವ ಪ್ರೋಟಿಯೋಮ್ (ದೇಹದ ಎಲ್ಲ ಪ್ರೋಟೀನುಗಳು) ಕರಡು ನಕ್ಷೆಯ ಡೇಟಾ ಅದು. ಯಾವ ಫೈಲು ಯಾವ ಅಂಗಾಂಶದ್ದು ಎಂದು ತಿಳಿಯುತ್ತಿದ್ದುದರಿಂದಲೇ ಬೇರೆ ಗುಂಪುಗಳು ಅದನ್ನು ಮತ್ತೆ ಮತ್ತೆ ವಿಶ್ಲೇಷಿಸಿ ಪ್ರಶ್ನಿಸಲೂ ಆಯಿತು, ಬಳಸಲೂ ಆಯಿತು.

ಈಗ ಸ್ಯಾಂಪಲ್ ಒಳಗೆ ಬರುವಾಗಲೇ ಪಟ್ಟಿ ತುಂಬಿಸುತ್ತೇನೆ. ಅಂಗಾಂಶ, ಕಿಣ್ವ, ಮಾರ್ಪಾಡು ಎಲ್ಲವನ್ನೂ ಸಿದ್ಧ ಆಯ್ಕೆಗಳಿಂದಲೇ ಆರಿಸಬೇಕು. ‘+80’ ಎಂದು ಟೈಪ್ ಮಾಡಿದರೆ ಪಟ್ಟಿಯ ಆ ಚೌಕ ಒಪ್ಪುವುದಿಲ್ಲ.