ಸಿಂಥ್‌ನ ನಾಬ್‌ಗಳನ್ನು ಕಂಪ್ಯೂಟರಿನಿಂದ ತಿರುಗಿಸುವುದು ಹೇಗೆ?

ಹಾರ್ಡ್‌ವೇರ್ ಸಿಂಥಸೈಜರ್‌ನಲ್ಲಿ (ಧ್ವನಿಯನ್ನು ವಿದ್ಯುನ್ಮಾನವಾಗಿ ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ನುಡಿಸುತ್ತಲೇ ನಾಬ್ ತಿರುಗಿಸಿ ಮೂಡಿಸಿದ ಏರಿಳಿತವನ್ನು ಮರುದಿನ ಅದೇ ಬಗೆಯಲ್ಲಿ ಮತ್ತೆ ಮೂಡಿಸುವುದು ಎಂಥ ಪಳಗಿದ ಕೈಗೂ ಕಷ್ಟ. ಈ ಕೆಲಸವನ್ನು ರೆಕಾರ್ಡಿಂಗ್ ತಂತ್ರಾಂಶಕ್ಕೆ ವಹಿಸಬಹುದು. ಇಲ್ಲಿ ಕೊರ್ಗ್ ಮಿನಿಲಾಗ್ ಸಿಂಥ್ ಮತ್ತು ರೀಪರ್ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ; ಬೇರೆ ತಂತ್ರಾಂಶಗಳಲ್ಲಿ ಮೆನುಗಳ ಹೆಸರು ಬದಲಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಸಿಂಥನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್ ಆಗಿದ್ದರೆ ಕೊರ್ಗ್‌ನ ಮಿಡಿ ಡ್ರೈವರ್ ಹಾಕಿಕೊಳ್ಳಿ. ಮಿಡಿ ಎಂದರೆ ಯಾವ ಕೀಲಿ ಒತ್ತಿತು, ಯಾವ ನಾಬ್ ತಿರುಗಿತು ಎಂಬುದನ್ನು ವಾದ್ಯ ಮತ್ತು ಕಂಪ್ಯೂಟರಿನ ನಡುವೆ ಸಾಗಿಸುವ ಸಂಕೇತ ಪದ್ಧತಿ; ಧ್ವನಿ ಅದರಲ್ಲಿ ಸಾಗುವುದಿಲ್ಲ. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿರುವ ಮಿಡಿ ಸಾಧನಗಳ ಪಟ್ಟಿಯಲ್ಲಿ ಒಂದೇ ಸಿಂಥ್‌ಗೆ ಹಲವು ಪೋರ್ಟ್‌ಗಳು ಕಾಣುತ್ತವೆ. ಕೀಲಿಮಣೆ ಮತ್ತು ನಾಬ್‌ಗಳ ಸಂಕೇತ ಒಳಬರುವುದು ‘ಕೆಬಿಡಿ/ನಾಬ್’ ಪೋರ್ಟ್‌ನಿಂದ. ಸಿಂಥ್ ನುಡಿಯಬೇಕಾದರೆ ಸಂಕೇತ ಹೋಗಬೇಕಾದದ್ದು ‘ಸೌಂಡ್’ ಪೋರ್ಟ್‌ಗೆ. ‘ಮಿಡಿ ಔಟ್’ ಎಂಬ ಹೆಸರು ನೋಡಿ ಅದನ್ನೇ ಆರಿಸಿದರೆ ಸಂಕೇತವು ಸಿಂಥ್‌ನ ಹಿಂಬದಿಯ ಸಾಕೆಟ್‌ನಿಂದ ಹೊರಗೆ ಹೋಗುತ್ತದೆಯೇ ಹೊರತು ಸಿಂಥ್‌ನಿಂದ ಒಂದು ಸ್ವರವೂ ಕೇಳಿಸುವುದಿಲ್ಲ.

ನಂತರ ಒಂದು ಟ್ರ್ಯಾಕ್ ತೆರೆದು, ಅದರ ಇನ್‌ಪುಟ್‌ಗೆ ‘ಕೆಬಿಡಿ/ನಾಬ್’ ಆರಿಸಿ, ರೂಟಿಂಗ್ ವಿಂಡೋದ ಮಿಡಿ ಹಾರ್ಡ್‌ವೇರ್ ಔಟ್‌ಪುಟ್‌ನಲ್ಲಿ ‘ಸೌಂಡ್’ ಪೋರ್ಟನ್ನೂ ಸಿಂಥ್ ಆಲಿಸುತ್ತಿರುವ ಚಾನೆಲ್ ಸಂಖ್ಯೆಯನ್ನೂ ಕೊಡಿ. ಧ್ವನಿಗಾಗಿ ಸಿಂಥ್‌ನ ಆಡಿಯೊ ಔಟ್‌ಪುಟ್ ಅನ್ನು ಆಡಿಯೊ ಇಂಟರ್‌ಫೇಸ್‌ಗೆ ಜೋಡಿಸಿ ಇನ್ನೊಂದು ಟ್ರ್ಯಾಕ್‌ನಲ್ಲಿ ಕೇಳಿಸಿಕೊಳ್ಳಿ. ಯುಎಸ್‌ಬಿ ಜೋಡಿಸಿದೊಡನೆ ಸ್ಪೀಕರ್‌ನಲ್ಲಿ ಕಿರುಗುಟ್ಟುವ ಸದ್ದು ಬಂದರೆ ಅದು ಸಾಮಾನ್ಯವಾಗಿ ಗ್ರೌಂಡ್ ಲೂಪ್, ಅಂದರೆ ಸಾಧನಗಳ ಗ್ರೌಂಡ್ ತಂತಿಗಳು ಒಂದಕ್ಕೊಂದು ಸುತ್ತುಗಟ್ಟಿ ಹುಟ್ಟಿಸುವ ಗದ್ದಲ. ಐದು ಪಿನ್ನಿನ ಹಳೆಯ ಮಿಡಿ ಕೇಬಲ್ ಬಳಸಿದರೆ ಈ ತೊಂದರೆ ಹೆಚ್ಚಾಗಿ ಕಾಡುವುದಿಲ್ಲ, ಏಕೆಂದರೆ ಅಲ್ಲಿ ಸಂಕೇತವು ಆಪ್ಟೊಕಪ್ಲರ್ ಎಂಬ ಬಿಡಿಭಾಗದ ಮೂಲಕ ಬೆಳಕಿನ ರೂಪದಲ್ಲಿ ದಾಟುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಕೀಲಿ ಒತ್ತಿದಾಗ ಸ್ವರ ಒಮ್ಮೆ ಸಿಂಥ್‌ನ ಒಳಗಿನಿಂದಲೇ, ಮತ್ತೊಮ್ಮೆ ಕಂಪ್ಯೂಟರಿಗೆ ಹೋಗಿ ಮರಳಿ ಬಂದ ಸಂಕೇತದಿಂದ, ಹೀಗೆ ಎರಡು ಸಲ ನುಡಿಯುತ್ತದೆ. ಮಿನಿಲಾಗ್‌ಗೆ ಇರುವುದೇ ನಾಲ್ಕು ಧ್ವನಿಗಳು, ಅಂದರೆ ಅದು ಒಟ್ಟಿಗೆ ನುಡಿಸಬಲ್ಲದ್ದು ನಾಲ್ಕೇ ಸ್ವರ. ಎರಡು ಸ್ವರ ಹಿಡಿಯುವಷ್ಟರಲ್ಲಿ ಅವೆಲ್ಲವೂ ಮುಗಿದುಹೋಗುತ್ತವೆ. ಆದ್ದರಿಂದ ಸಿಂಥ್‌ನ ಗ್ಲೋಬಲ್ ಸೆಟ್ಟಿಂಗ್‌ಗಳಲ್ಲಿ ಕೀಲಿಮಣೆಯನ್ನು ಒಳಗಿನ ಧ್ವನಿಗೆ ನೇರವಾಗಿ ಜೋಡಿಸುವ ‘ಲೋಕಲ್’ ಆಯ್ಕೆಯನ್ನು ಆಫ್ ಮಾಡಿ. ಕಂಪ್ಯೂಟರ್ ಇಲ್ಲದೆ ನುಡಿಸುವಾಗ ಅದನ್ನು ಮತ್ತೆ ಆನ್ ಮಾಡದಿದ್ದರೆ ಸಿಂಥ್ ಕೆಟ್ಟಿದೆಯೆಂದೇ ಅನ್ನಿಸಬಹುದು.

ಈಗ ನಾಬ್‌ಗಳ ಸರದಿ. ಮೊದಲ ಟ್ರ್ಯಾಕ್‌ಗೆ ರೀಪರ್ ಜೊತೆಗೇ ಬರುವ ‘ರೀಕಂಟ್ರೋಲ್‌ಮಿಡಿ’ ಪ್ಲಗಿನ್ ಸೇರಿಸಿ, ಒಂದು ಸ್ಲೈಡರ್‌ಗೆ ಸಿಸಿ 43 (ಕಟಾಫ್: ಫಿಲ್ಟರ್ ಧ್ವನಿಯನ್ನು ಕತ್ತರಿಸತೊಡಗುವ ಆವರ್ತನ), ಇನ್ನೊಂದಕ್ಕೆ ಸಿಸಿ 44 (ರೆಸೊನೆನ್ಸ್: ಆ ಆವರ್ತನದ ಸುತ್ತಲಿನ ಧ್ವನಿಗೆ ಸಿಗುವ ಒತ್ತು) ಎಂದು ಕೊಡಿ. ಸಿಸಿ ಎಂದರೆ ಕಂಟ್ರೋಲ್ ಚೇಂಜ್, ನಾಬ್‌ನ ಸ್ಥಾನವನ್ನು ತಿಳಿಸುವ ಮಿಡಿ ಸಂದೇಶ. ಸಿಸಿ ಸಂಖ್ಯೆಗಳು ಸಿಂಥ್‌ನಿಂದ ಸಿಂಥ್‌ಗೆ ಬದಲಾಗುವುದರಿಂದ ಕೈಪಿಡಿಯ ಕೊನೆಯಲ್ಲಿರುವ ಮಿಡಿ ಕೋಷ್ಟಕವನ್ನು ನೋಡಲೇಬೇಕು. 1984ರ ರೋಲೆಂಡ್ ಜೂನೊ-106ರ ಸ್ಲೈಡರ್‌ಗಳಂತೂ ಸಿಸಿಗೆ ಜಗ್ಗುವುದೇ ಇಲ್ಲ, ಅವಕ್ಕೆ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಸಂದೇಶಗಳೇ (ತಯಾರಕರು ತಮ್ಮ ಯಂತ್ರಕ್ಕೆಂದೇ ರೂಪಿಸಿದ ಮಿಡಿ ಸಂದೇಶಗಳು) ಬೇಕು; ಅಂಥ ಯಂತ್ರಗಳಿಗೆ ‘ಕಂಟ್ರೋಲರ್’ ಎಂದು ಓದಿಕೊಳ್ಳುವ, ‘ಸಿ-ಟಿ-ಆರ್-ಎಲ್-ಆರ್’ ಎಂಬ ಐದಕ್ಷರದ ಹೆಸರಿನ ಉಚಿತ ತಂತ್ರಾಂಶದ ಪ್ಯಾನೆಲ್‌ಗಳು ನೆರವಾಗುತ್ತವೆ. ಎಲ್ಲ ನಾಬ್‌ಗಳನ್ನೂ ಪರದೆಗೆ ತರುವ ಆಸೆ ಸಹಜವಾದರೂ, ಹಾಡಿನಲ್ಲಿ ನಿಜವಾಗಿ ಚಲಿಸುವ ನಾಲ್ಕೈದನ್ನು ಮಾತ್ರ ಹೊಂದಿಸುವುದು ಲೇಸು. ಐದು ಪಿನ್ನಿನ ಕೇಬಲ್ ಸೆಕೆಂಡಿಗೆ 31,250 ಬಿಟ್‌ಗಳನ್ನಷ್ಟೇ ಸಾಗಿಸಬಲ್ಲದು, ಅಂದರೆ ಸುಮಾರು ಸಾವಿರ ಸಂದೇಶಗಳನ್ನು. ಸ್ಲೈಡರ್‌ನ ಏರಿಳಿತವನ್ನು ಟ್ರ್ಯಾಕ್‌ನಲ್ಲಿ ಬರೆದಿಡುವ ಆಟೊಮೇಶನ್ ಗೆರೆಗಳು ಹತ್ತಾರು ಒಟ್ಟಿಗೆ ಹರಿದರೆ ತಾಳವೇ ತಡವರಿಸುತ್ತದೆ. ಸಿಸಿಗೆ 0ಯಿಂದ 127ರವರೆಗೆ 128 ಮೆಟ್ಟಿಲುಗಳಷ್ಟೇ ಇರುವುದರಿಂದ, ರೆಸೊನೆನ್ಸ್ ಹೆಚ್ಚಿಟ್ಟು ಕಟಾಫನ್ನು ಬಹಳ ನಿಧಾನವಾಗಿ ಏರಿಸಿದಾಗ ಆ ಮೆಟ್ಟಿಲುಗಳು ಕಿವಿಗೆ ಬೀಳುವುದೂ ಉಂಟು.

ಕೊನೆಯದಾಗಿ, ಸಿಂಥ್‌ನ ಧ್ವನಿ ಕಂಪ್ಯೂಟರಿನೊಳಗೆ ಹುಟ್ಟುವುದಿಲ್ಲವಾದ್ದರಿಂದ ಹಾಡನ್ನು ರೆಂಡರ್ ಮಾಡುವ (ಸಿದ್ಧ ಆಡಿಯೊ ಫೈಲ್ ಆಗಿ ಹೊರತೆಗೆಯುವ) ಮೊದಲು ಎರಡನೆಯ ಟ್ರ್ಯಾಕ್‌ಗೆ ಆಡಿಯೊವನ್ನು ಪೂರ್ತಿ ಧ್ವನಿಮುದ್ರಿಸಿಕೊಳ್ಳಿ. ಹಾಗೆ ಮಾಡದೆ, ಹಾಡನ್ನು ನುಡಿಸದೆಯೇ ಫೈಲ್ ತಯಾರಿಸುವ ಆಫ್‌ಲೈನ್ ರೆಂಡರ್‌ಗೆ ಹೋದರೆ ಫೈಲ್‌ನಲ್ಲಿ ಸಿಂಥ್‌ನ ಭಾಗವೇ ಇರುವುದಿಲ್ಲ.