ಚಾಲಿಯ ದುಡ್ಡು, ಇಟಿಎಫ್ ಮತ್ತು ನಾನು

ಟೆಂಡರಿನಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ಹಣವನ್ನು ಇಟಿಎಫ್‌ಗೆ, ಅಂದರೆ ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ ಫಂಡ್‌ಗೆ, ಹಾಕುತ್ತೇನೆ ಎಂದಾಗ ಶಿರಸಿಯ ಗೆಳೆಯರು ಯಾರೂ ಒಪ್ಪಲಿಲ್ಲ. ಸೊಸೈಟಿಯ ಠೇವಣಿ ಇದೆ, ಬೇಕಿದ್ದರೆ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಇದೆ, ಈ ಉಸಾಬರಿ ಏಕೆ ಎಂದರು. ನಮಗೇನು ತಿಂಗಳ ಸಂಬಳವೇ? ಅಡಿಕೆ ಹೋದಾಗ ಹಣ, ಇಲ್ಲದಿದ್ದರೆ ಇಲ್ಲ. ಆರೇಳು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಲಕ್ಷ ಹಾಕಿದ್ದೇನೆ, ಇಂದು ಹದಿನಾಲ್ಕರ ಆಸುಪಾಸಿನಲ್ಲಿದೆ. ಅದೇ ಗೆಳೆಯರು ಈಗ ಫೋನ್ ಮಾಡಿ ಕೇಳುತ್ತಾರೆ.

ಆರಂಭದಲ್ಲಿ ಹಣ ಸೋರಿದ್ದು ಖರೀದಿಯ ಹೊತ್ತಿನಲ್ಲೇ. ವಾರ್ಷಿಕ ವೆಚ್ಚ ತೀರಾ ಕಡಿಮೆ ಎಂದು ಮಧ್ಯಮ ಗಾತ್ರದ ಕಂಪನಿಗಳ ಒಂದು ಮಿಡ್‌ಕ್ಯಾಪ್ ಇಟಿಎಫ್ ಆರಿಸಿದ್ದೆ. ಐಎನ್‌ಎವಿ, ಅಂದರೆ ಆ ಹೊತ್ತಿಗೆ ಒಂದು ಯೂನಿಟ್‌ನ ಅಂದಾಜು ನಿಜ ಮೌಲ್ಯ, 142 ಚಿಲ್ಲರೆ. ಮಾರುವವರ ಸಾಲಿನಲ್ಲಿ ಮೊದಲ ಐವತ್ತು ಯೂನಿಟ್ 142.50ಕ್ಕೆ, ಅದರ ಕೆಳಗೆ ನೇರವಾಗಿ 146. ಸಿಕ್ಕ ಬೆಲೆಗೆ ಕೊಳ್ಳುವ ನನ್ನ ಮಾರ್ಕೆಟ್ ಆರ್ಡರ್ ಆ 146ನ್ನೂ ಎತ್ತಿಕೊಂಡಿತು. ಅರವತ್ತು ಸಾವಿರದ ಖರೀದಿಯಲ್ಲಿ ಒಂದೂವರೆ ಸಾವಿರದಷ್ಟು ಅಲ್ಲಿಗೇ ಮುಗಿಯಿತು. ಕಡಿಮೆ ವಾರ್ಷಿಕ ವೆಚ್ಚದಿಂದ ಅಷ್ಟು ಉಳಿಯಲು ಎಷ್ಟೋ ವರ್ಷ ಬೇಕು!

ಅಂದಿನಿಂದ ಬೆಲೆಯನ್ನು ನಾನೇ ಗೊತ್ತುಮಾಡುವ ಲಿಮಿಟ್ ಆರ್ಡರ್ ಮಾತ್ರ. ಮೊದಲು ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಐಎನ್‌ಎವಿ ನೋಡುತ್ತೇನೆ, ಬಳಿಕ ಪರದೆಯಲ್ಲಿ ಕೊಳ್ಳುವವರ, ಮಾರುವವರ ಎರಡೂ ಸಾಲುಗಳನ್ನು. 9.15ಕ್ಕೆ ಪೇಟೆ ತೆರೆದ ಮೊದಲ ಅರ್ಧ ಗಂಟೆ ಕೈ ಹಾಕುವುದಿಲ್ಲ. ಐಎನ್‌ಎವಿಗಿಂತ ಎಷ್ಟು ಪೈಸೆ ಆಚೀಚೆ ಬೆಲೆ ಇಡುತ್ತೇನೆ, ಯಾವ ಹೊತ್ತಿಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ದುಡಿಮೆ. ಮುಖ್ಯ ಮೊತ್ತವೆಲ್ಲ ನಿಫ್ಟಿ 50 ಸೂಚ್ಯಂಕವನ್ನು ಹಿಂಬಾಲಿಸುವ ನಿಫ್ಟಿ ಬೀಸ್‌ನಲ್ಲಿದೆ. 2001ರಲ್ಲಿ ಶುರುವಾದ, ದೇಶದ ಮೊದಲ ಇಟಿಎಫ್ ಅದು; ಕೊಳ್ಳುವವರೂ ಮಾರುವವರೂ ಸದಾ ಇರುತ್ತಾರೆ. ನನಗೆ ಬೇಕಾದದ್ದು ಅದೇ.

ನಡುವೆ ಒಂದು ಪ್ರಯೋಗ: ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸಲು ತೆಗೆದಿಟ್ಟ ಹಣವನ್ನು ಮಳೆ ಹಿಡಿಯುವ ತನಕ, ಅಲ್ಪಾವಧಿಯ ಸಾಲಗಳಲ್ಲಿ ಹಣ ಇಡುವ ಲಿಕ್ವಿಡ್ ಇಟಿಎಫ್‌ನಲ್ಲಿ ಇಟ್ಟೆ. ಸಾವಿರ ರೂಪಾಯಿಯ ಯೂನಿಟ್, ಲಾಭಾಂಶ ದಿನದಿನವೂ ಯೂನಿಟ್‌ನ ಚೂರುಗಳಾಗಿ ಸೇರುತ್ತದೆ. ಆದರೆ ಆ ಚೂರುಗಳು ಪೇಟೆಯಲ್ಲಿ ಮಾರಾಟವಾಗುವುದಿಲ್ಲ, ಖಾತೆಯಲ್ಲಿ ಉಳಿದುಬಿಡುತ್ತವೆ. ಉಳಿತಾಯ ಖಾತೆಗಿಂತ ಒಂದಿಷ್ಟು ಹೆಚ್ಚು ಸಿಕ್ಕಿತು, ಹಾಗಾಗಿ ಮುಂದುವರಿಸಿದ್ದೇನೆ.

ಅಮೆರಿಕದ ಸೂಚ್ಯಂಕದ ಇಟಿಎಫ್ ಬಗ್ಗೆ ಕೇಳುವವರಿಗೆ: ವಿದೇಶಿ ಹೂಡಿಕೆಗೆ ಎಲ್ಲ ಮ್ಯೂಚುವಲ್ ಫಂಡ್‌ಗಳಿಗೂ ಸೇರಿ 700 ಕೋಟಿ ಡಾಲರ್ ಮಿತಿಯಿದೆ. ಅದು ತುಂಬಿದರೆ ಹೊಸ ಯೂನಿಟ್ ಹುಟ್ಟುವುದಿಲ್ಲ, ಇರುವುದಕ್ಕೇ ಪೈಪೋಟಿ ನಡೆದು ಬೆಲೆ ಯೂನಿಟ್‌ನ ನಿಜ ಮೌಲ್ಯವಾದ ಎನ್‌ಎವಿಗಿಂತ ಬಹಳ ಮೇಲೇರುತ್ತದೆ. ಹಾಗೆ ಏರಿದ್ದಾಗ ನಾನು ಇದ್ದುದರಲ್ಲಿ ಅರ್ಧ ಮಾರಿದೆ. ಆ ಹೆಚ್ಚುವರಿಯೇ ಒಂದು ಹಂಗಾಮಿನ ಕೊನೆ ಕೊಯ್ಲಿನ ಕೂಲಿಗೆ ಸಾಕಾಯಿತು.

ಮಾರ್ಚ್‌ನಲ್ಲಿ ಮಾತ್ರ ಒಂದು ಲೆಕ್ಕ ತಪ್ಪಿಸುವುದಿಲ್ಲ. ವರ್ಷ ದಾಟಿದ ಈಕ್ವಿಟಿ (ಷೇರು) ಯೂನಿಟ್‌ಗಳ ಲಾಭಕ್ಕೆ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ. 12.5. ಲಾಭ ಅಷ್ಟರ ಒಳಗೇ ಇರುವಂತೆ ಮಾರಿ, ಮರುದಿನ ಮತ್ತೆ ಕೊಳ್ಳುತ್ತೇನೆ; ಮುಂದಿನ ಲಾಭದ ಲೆಕ್ಕ ಆ ಹೊಸ ಬೆಲೆಯಿಂದ ಶುರು. ಮಾರುವಾಗ ಡಿಪಿ ಶುಲ್ಕ (ಡಿಮ್ಯಾಟ್ ಖಾತೆಯಿಂದ ಯೂನಿಟ್ ಹೊರಹೋಗಲು ಕೊಡುವ ಶುಲ್ಕ) ಪ್ರತಿ ಇಟಿಎಫ್‌ಗೂ ದಿನಕ್ಕೊಮ್ಮೆ ಬೀಳುತ್ತದೆ, ಆದ್ದರಿಂದ ಒಂದು ಇಟಿಎಫ್‌ನಲ್ಲಿ ಮಾರುವುದನ್ನೆಲ್ಲ ಒಂದೇ ದಿನ ಒಟ್ಟಿಗೆ ಮಾರಿಬಿಡಿ.